ಬಿಲ್ಲುಗಾರಿಕೆ ಹವ್ಯಾಸ ಸರಿ, ಗುಡವಿಗೆ ಬಿಲ್ಲು ಬೇಡ: ಕಾನೂನು ಏನು ಹೇಳುತ್ತೆ? ಅಭ್ಯಾಸ ಎಲ್ಲಿ, ಹೇಗೆ?

ಸೊರಬ: ಬಿದಿರು ಸೀಳಿ, ದಾರ ಕಟ್ಟಿ ಬಿಲ್ಲು ಮಾಡೋದು ನಮ್ಮ ಹಳ್ಳಿ ಹುಡುಗರಿಗೆ ಹೊಸದೇನಲ್ಲ. ಈಗ ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಫೈಬರ್ ಬಿಲ್ಲು ಮನೆ ಬಾಗಿಲಿಗೇ ಬರುತ್ತೆ. ಮೊಬೈಲ್ ಪಕ್ಕಕ್ಕಿಟ್ಟು ಗುರಿ ಅಭ್ಯಾಸ ಮಾಡ್ತಾರೆ ಅಂದ್ರೆ ಮನೆಯವರಿಗೂ ಸಮಾಧಾನವೇ. ಆದರೆ ಅದೇ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಗುಡವಿ ಪಕ್ಷಿಧಾಮದ ಒಳಗೆ ಹೋದರೆ, ಒಂದು ಹಕ್ಕಿಗೂ ಬಾಣ ತಾಗದಿದ್ದರೂ ಕೇಸು ಆಗಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹವ್ಯಾಸಕ್ಕೂ ಅಪರಾಧಕ್ಕೂ ನಡುವಿನ ಗೆರೆ ಎಲ್ಲಿದೆ? ಇಲ್ಲಿದೆ ವಿವರ.

ಬಿಲ್ಲು ನಮ್ಮ ನೆಲಕ್ಕೆ ಹಳೆಯದು

ಸೊರಬ, ಶಿಕಾರಿಪುರ ತಾಲ್ಲೂಕುಗಳ ಊರೂರಲ್ಲಿ ವೀರಗಲ್ಲುಗಳಿವೆ. ದೇವಸ್ಥಾನದ ಮುಂದೆ, ಕೆರೆ ಏರಿ ಮೇಲೆ, ಗದ್ದೆ ಬದುವಿನಲ್ಲಿ ನಿಂತಿರೋ ಈ ಕಲ್ಲುಗಳ ಕೆಳಗಿನ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಲ್ಲಿ ಸಾಮಾನ್ಯವಾಗಿ ಹೋರಾಟದ ದೃಶ್ಯ ಇರುತ್ತೆ. ಕತ್ತಿ, ಗುರಾಣಿಯ ಜೊತೆ ಹೆದೆ ಎಳೆದು ನಿಂತ ಬಿಲ್ಲುಗಾರರೂ ಕಾಣ್ತಾರೆ. ಮಧ್ಯದ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ, ಮೇಲೆ ಶಿವಲಿಂಗ, ಸೂರ್ಯ ಚಂದ್ರ. ದನಗಳ್ಳರನ್ನು ತಡೆಯಲು ಹೋಗಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳೂ ಇದರಲ್ಲಿವೆ. ಊರು ಕಾಯೋಕೆ ಬಿಲ್ಲು ಬೇಕಿದ್ದ ಕಾಲ ಅದು.

ದಸರಾದಲ್ಲೂ ಬಿಲ್ಲಿನ ನೆನಪು ಉಳಿದಿದೆ. ವಿಜಯದಶಮಿಗೆ ಬನ್ನಿ ಮಂಟಪದಲ್ಲಿ ಬಾಳೆಗಿಡ ಕಡಿಯೋದಕ್ಕೆ ನಮ್ಮ ಕಡೆ ‘ಅಂಬು ಕಡಿಯೋದು’ ಅಂತಾರೆ. ಅಂಬು ಅಂದ್ರೆ ಬಾಣ. ಶಿಕಾರಿಪುರದ ಹೆಸರೇ ಶಿಕಾರಿಯಿಂದ ಬಂದಿದ್ದು, ಹಿಂದೆ ಇಲ್ಲಿ ಬೇಟೆ ಹೇರಳವಾಗಿ ಸಿಗ್ತಿತ್ತು ಅನ್ನೋ ಮಾತೂ ಇದೆ.

ಆದರೆ ಬೇಟೆಯ ಕಾಲ ಮುಗಿದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. ಅದೇ ವರ್ಷ ಬಿಲ್ಲುಗಾರಿಕೆ ಬಹಳ ವರ್ಷಗಳ ನಂತರ ಒಲಿಂಪಿಕ್ಸ್‌ಗೆ ವಾಪಸ್ ಬಂತು. ಕಾಡಲ್ಲಿ ಬಿಲ್ಲಿಗೆ ಬಾಗಿಲು ಮುಚ್ಚಿತು, ಮೈದಾನದಲ್ಲಿ ತೆರೆಯಿತು.

ಗುಡವಿಯಲ್ಲಿ ಯಾಕೆ ಇಷ್ಟು ಕಟ್ಟುನಿಟ್ಟು?

ಗುಡವಿ ಪಕ್ಷಿಧಾಮ ಘೋಷಣೆ ಆಗಿದ್ದು 1989ರಲ್ಲಿ. ವಿಸ್ತೀರ್ಣ ಮುಕ್ಕಾಲು ಚದರ ಕಿಲೋಮೀಟರ್‌ಗೂ ಕಡಿಮೆ. ಇಷ್ಟು ಚಿಕ್ಕ ಜಾಗದ ಕೆರೆಯಲ್ಲಿ, ನೀರಲ್ಲೇ ನಿಂತ ಮರಗಳ ಮೇಲೆ ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಒಂದೇ ಮರದಲ್ಲಿ ಹತ್ತಾರು ಗೂಡು.

ಇಂಥ ಕಡೆ ಒಂದು ಬಾಣವೋ ಕಲ್ಲೋ ಹಾರಿ ಬಂದರೆ ಸಾಕು, ಇಡೀ ಮರದ ಹಕ್ಕಿಗಳು ಒಟ್ಟಿಗೇ ಏಳುತ್ತವೆ. ಗಾಬರಿಯಲ್ಲಿ ಮೊಟ್ಟೆ, ಮರಿ ಕೆಳಗೆ ಬೀಳಬಹುದು. ತಾಯಿ ಹಕ್ಕಿ ಇಲ್ಲದ ಹೊತ್ತಲ್ಲಿ ಕಾಗೆ, ಹದ್ದು ಬಂದು ಮೊಟ್ಟೆ ಎತ್ತಿಕೊಂಡು ಹೋಗುತ್ತವೆ. ಬಿಸಿಲು, ಮಳೆಗೆ ಮೈಯೊಡ್ಡಿದ ಪುಟ್ಟ ಮರಿ ಉಳಿಯೋದು ಕಷ್ಟ. ಬಾಣ ಗುರಿ ತಪ್ಪಿತು, ಏನೂ ಆಗಲಿಲ್ಲ ಅನ್ನೋ ಮಾತಿಗೆ ಇಲ್ಲಿ ಅರ್ಥ ಇಲ್ಲ.

ಕಾನೂನು ಏನು ಹೇಳುತ್ತೆ?

ಕಾಯ್ದೆಯಲ್ಲಿ ‘ಆಯುಧ’ ಅಂದ್ರೆ ಏನು ಅನ್ನೋ ಪಟ್ಟಿ ಇದೆ. ಬಂದೂಕು, ಸ್ಫೋಟಕ, ಚಾಕು, ಬಲೆ, ಉರುಳು, ವಿಷದ ಜೊತೆಗೆ ಬಿಲ್ಲು ಬಾಣದ ಹೆಸರೂ ಅದರಲ್ಲಿ ನೇರವಾಗಿಯೇ ಇದೆ. ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನವೂ ಆಯುಧವೇ. ಹಾಗಾಗಿ ರಬ್ಬರ್ ಕಟ್ಟಿದ ಕವಣೆಯೂ ಇದರಲ್ಲಿ ಬರುತ್ತೆ.

31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಮೊದಲೇ ಪಡೆಯದೆ ಯಾವುದೇ ಆಯುಧ ಹಿಡಿದು ಅಭಯಾರಣ್ಯ ಪ್ರವೇಶ ಮಾಡುವಂತಿಲ್ಲ. ಬಿಲ್ಲು ಬಳಸಿದ್ರಾ ಇಲ್ವಾ ಅನ್ನೋದು ಆಮೇಲಿನ ಮಾತು. ಒಳಗೆ ತಗೊಂಡು ಹೋಗಿದ್ದೇ ಉಲ್ಲಂಘನೆ. ಫೋಟೋ ತೆಗೆಸ್ಕೊಳ್ಳೋಕೆ, ರೀಲ್ಸ್ ಮಾಡೋಕೆ ತಂದಿದ್ದೆವು ಅಂದರೂ ನಿಯಮ ಅದೇ.

ಬೇಟೆ ಅನ್ನೋ ಪದದ ಅರ್ಥವೂ ಕಾಯ್ದೆಯಲ್ಲಿ ದೊಡ್ಡದಿದೆ. ಕೊಲ್ಲೋದು ಮಾತ್ರ ಬೇಟೆ ಅಲ್ಲ. ಹಿಡಿಯೋದು, ಗಾಯ ಮಾಡೋದು, ಅದಕ್ಕೆ ಪ್ರಯತ್ನ ಮಾಡೋದು, ಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡೋದು ಎಲ್ಲವೂ ಬೇಟೆಯೇ.

ಶಿಕ್ಷೆ ಎಷ್ಟು? 2022ರ ತಿದ್ದುಪಡಿ ನಂತರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಭಯಾರಣ್ಯದೊಳಗೆ ಬೇಟೆ ಅಂತ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಓದೋ ವಯಸ್ಸಲ್ಲಿ, ಕೆಲಸ ಹುಡುಕೋ ವಯಸ್ಸಲ್ಲಿ ಇಂಥ ಕೇಸು ಮೈಮೇಲೆ ಬಂದರೆ ಕೋರ್ಟಿಗೆ ಅಲೆಯೋದೇ ಆಗುತ್ತೆ.

ಬಾಣಕ್ಕೆ ಕಟ್ಟೋ ಗರಿ ವಿಷಯದಲ್ಲೂ ಹುಷಾರು. ಕೆರೆ ದಡದಲ್ಲಿ ಬಿದ್ದಿದೆಯಲ್ಲ ಅಂತ ಪಕ್ಷಿಧಾಮದಿಂದ ಗರಿ ಆರಿಸಿಕೊಂಡು ಬರಬೇಡಿ. ಅಭಯಾರಣ್ಯದ ವಸ್ತುವನ್ನು ಅನುಮತಿ ಇಲ್ಲದೆ ಹೊರಗೆ ತರುವಂತಿಲ್ಲ. ಮನೆ ಕೋಳಿಯ ಗಟ್ಟಿ ಗರಿ ಸಾಕಾಗುತ್ತೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಗರಿಯೂ ಸಿಗುತ್ತೆ.

ಹಾಗಾದ್ರೆ ಅಭ್ಯಾಸ ಹೇಗೆ?

ಬಿದಿರಿನ ಬಿಲ್ಲು ಮಾಡೋರಿಗೆ ಮೊದಲು ಬೇಕಿರೋದು ತಾಳ್ಮೆ. ಹಿತ್ತಿಲಲ್ಲಿ ಬೆಳೆದ ಅಥವಾ ದುಡ್ಡು ಕೊಟ್ಟು ತಂದ ಬಲಿತ ಬಿದಿರೇ ಆಗಬೇಕು, ಕಾಡಿಗೆ ಕತ್ತಿ ಹಾಕಬಾರದು. ಸೀಳಿದ ಬಿದಿರನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಬೇಕು. ಬಿದಿರಿನ ಹೊರಗಿನ ಹೊಳೆಯೋ ಸಿಪ್ಪೆ ಭಾಗ ಗುರಿ ಕಡೆಗೆ, ಒಳಗಿನ ಮೆತ್ತನೆ ಭಾಗ ನಿಮ್ಮ ಕಡೆಗೆ ಇರಬೇಕು. ಬಿದಿರಿನ ನಾರು ಹೊರಗಡೆಯೇ ದಟ್ಟವಾಗಿರುತ್ತೆ. ಬಿಲ್ಲು ಬಾಗಿದಾಗ ಹೆಚ್ಚು ಎಳೆತ ಬೀಳೋದೂ ಅಲ್ಲೇ. ತಿರುಗಾಮುರುಗಾ ಮಾಡಿದ್ರೆ ಬಿಲ್ಲು ಬೇಗ ಸೀಳುತ್ತೆ. ತೂಕ ಕಮ್ಮಿ ಮಾಡೋಕೆ ಕೆತ್ತೋದಿದ್ರೂ ಒಳಭಾಗವನ್ನೇ ಕೆತ್ತಬೇಕು, ಹೊರ ಸಿಪ್ಪೆ ಮುಟ್ಟಬಾರದು.

ಮಲೆನಾಡಿನ ಮಳೆಗಾಲ ಬಿಲ್ಲಿಗೆ ಶತ್ರು. ತೇವ ಹಿಡಿದ ಬಿದಿರು ಸೊರಗುತ್ತೆ, ಬಾಗಿದ್ದು ಬಾಗಿದಂಗೇ ಉಳಿಯುತ್ತೆ. ಆಟ ಮುಗಿದ ಮೇಲೆ ಹೆದೆ ಬಿಚ್ಚಿ, ಒರೆಸಿ, ಎಣ್ಣೆ ಸವರಿ ಅಡ್ಡವಾಗಿ ಇಡಬೇಕು. ಗೋಡೆಗೆ ಒರಗಿಸಿಡಬಾರದು.

ಎರಡು ತಪ್ಪು ಹೊಸಬರು ಸಾಮಾನ್ಯವಾಗಿ ಮಾಡ್ತಾರೆ. ಒಂದು, ಬಾಣ ಇಲ್ಲದೆ ಹೆದೆ ಎಳೆದು ಬಿಡೋದು. ಬಾಣಕ್ಕೆ ಹೋಗಬೇಕಾದ ಶಕ್ತಿ ಪೂರ್ತಿ ಬಿಲ್ಲಿಗೇ ವಾಪಸ್ ಬಡಿದು ಅದು ಕೈಯಲ್ಲೇ ಮುರಿಯಬಹುದು, ಚೂರು ಕಣ್ಣಿಗೆ ಸಿಡಿಯಬಹುದು. ಇನ್ನೊಂದು, ಶುರುವಿಗೇ ಬಿಗಿಯಾದ ಬಿಲ್ಲು ಕೊಳ್ಳೋದು. ಬಿಲ್ಲಿನ ಬಿಗಿಯನ್ನು ಪೌಂಡ್ ಲೆಕ್ಕದಲ್ಲಿ ಹೇಳ್ತಾರೆ. ದೊಡ್ಡವರೂ 20 ಪೌಂಡ್ ಆಸುಪಾಸಿನಿಂದ, ಅಂದ್ರೆ ಸುಮಾರು 9 ಕೆ.ಜಿ. ಎಳೆತದಿಂದ ಶುರು ಮಾಡಿದರೆ ಭುಜಕ್ಕೆ ಒಳ್ಳೆಯದು. ಮಕ್ಕಳಿಗೆ ಇನ್ನೂ ಕಮ್ಮಿ ಸಾಕು.

ಹೆದೆ ಎಳೆಯೋ ರೀತಿಯಲ್ಲೂ ವ್ಯತ್ಯಾಸ ಇದೆ. ಇವತ್ತಿನ ಸ್ಪರ್ಧೆಗಳಲ್ಲಿ ಮೂರು ಬೆರಳಿನಿಂದ ಎಳೆಯೋದೇ ಹೆಚ್ಚು. ಏಷ್ಯಾದ ಹಲವು ಕಡೆ ಹಿಂದೆ ಹೆಬ್ಬೆರಳಿನಿಂದ ಎಳೀತಿದ್ರು, ಬೆರಳು ಸವೆಯದಂತೆ ಉಂಗುರ ಹಾಕೋರು. ದ್ರೋಣರು ಏಕಲವ್ಯನ ಹೆಬ್ಬೆರಳನ್ನೇ ಕೇಳಿದ ಕಥೆ ಈ ಹಿನ್ನೆಲೆಯಲ್ಲಿ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ.

ಜಾಗ ಹೇಗಿರಬೇಕು?

20 ಪೌಂಡ್ ಬಿಲ್ಲಿನ ಬಾಣವೂ ಮೇಲ್ಮುಖವಾಗಿ ಬಿಟ್ಟರೆ 100 ಮೀಟರ್ ದಾಟಬಲ್ಲದು. ಆದ್ದರಿಂದ ಬಾಣ ನಿಲ್ಲಿಸೋಕೆ ಹಿಂದೆ ಏನಿದೆ ಅನ್ನೋದೇ ಮುಖ್ಯ.

- ಸ್ವಂತ ಜಮೀನು, ಅಥವಾ ಮಾಲೀಕರ ಒಪ್ಪಿಗೆ ಇರೋ ಜಾಗ ಆಗಿರಲಿ. ದಾರಿ, ದನ ಮೇಯೋ ಜಾಗ, ಕೆರೆ ದಂಡೆ ಬೇಡ.
- ಬಿಗಿಯಾಗಿ ಕಟ್ಟಿದ ಹುಲ್ಲು ಪಿಂಡಿಗಳನ್ನು ಒಂದರ ಮೇಲೊಂದು ಪೇರಿಸಿ ಗುರಿ ಮಾಡಿ. ಅದರ ಹಿಂದೆ ಎತ್ತರದ ದರೆ ಇದ್ದರೆ ಒಳ್ಳೆಯದು. ಬೇಲಿ, ತೋಟದ ಸಾಲು ಬಾಣ ತಡೆಯಲ್ಲ.
- ಮೊದಮೊದಲು 10 ಮೀಟರ್ ಸಾಕು. ಕೈ ಕುದುರಿದ ಮೇಲೆ 18 ಮೀಟರ್‌ಗೆ ಹೋಗಿ.
- ಎಲ್ಲರೂ ಒಂದೇ ಸಾಲಲ್ಲಿ ನಿಲ್ಲಿ. ಬಾಣ ತರೋಕೆ ಒಬ್ಬ ಮುಂದೆ ಹೋದರೂ ಉಳಿದವರ ಬಿಲ್ಲು ಕೆಳಗಿರಲಿ.
- ಬಾಣ ಮೇಲಕ್ಕೆ ಬಿಡಲೇಬೇಡಿ. ಮರ, ತಂತಿ, ಹಕ್ಕಿ ಯಾವುದೂ ಗುರಿ ಅಲ್ಲ.

ಅಂಗಡಿಯವರು ಗಮನಿಸಿ

ಜಾತ್ರೆಯಲ್ಲಿ ಮಾರೋ ಆಟಿಕೆ ಬಿಲ್ಲಿನ ಬಾಣಕ್ಕೆ ಮೆತ್ತನೆ ರಬ್ಬರ್ ತುದಿ ಗಟ್ಟಿಯಾಗಿ ಕೂತಿದೆಯಾ ನೋಡಿ ಕೊಡಿ. ಕಬ್ಬಿಣದ ಮೊನೆ ಇರೋ ಬಾಣವನ್ನು ಒಬ್ಬಂಟಿ ಬಂದ ಮಕ್ಕಳ ಕೈಗೆ ಕೊಡಬೇಡಿ, ಮನೆಯವರನ್ನು ಕರ್ಕೊಂಡು ಬಾ ಅನ್ನಿ. ಗುಡವಿ ದಾರಿಯ ಹೋಟೆಲ್, ಅಂಗಡಿಯವರು ಪ್ರವಾಸಿಗರ ಕೈಯಲ್ಲಿ ಬಿಲ್ಲು, ಕವಣೆ ಕಂಡರೆ ಒಳಗೆ ತಗೊಂಡು ಹೋಗುವಂತಿಲ್ಲ ಅಂತ ಒಂದು ಮಾತು ಹೇಳಿದರೂ ದೊಡ್ಡ ಉಪಕಾರ.

ಬೇಟೆಯಿಂದ ಒಲಿಂಪಿಕ್ಸ್‌ಗೆ

ರಾಜಸ್ಥಾನದ ಬುಡಕಟ್ಟು ಕುಟುಂಬದಲ್ಲಿ ಹುಟ್ಟಿದ ಲಿಂಬಾ ರಾಮ್ ಚಿಕ್ಕಂದಿನಲ್ಲಿ ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೀತಿದ್ದ ಹುಡುಗ. 1987ರ ಆಯ್ಕೆ ಶಿಬಿರದಲ್ಲಿ ಕ್ರೀಡಾ ಪ್ರಾಧಿಕಾರದವರ ಕಣ್ಣಿಗೆ ಬಿದ್ದರು. ಮರುವರ್ಷವೇ ಸೋಲ್ ಒಲಿಂಪಿಕ್ಸ್‌ನಲ್ಲಿದ್ದರು. ಒಟ್ಟು ಮೂರು ಒಲಿಂಪಿಕ್ಸ್ ಆಡಿ, 2012ರಲ್ಲಿ ಪದ್ಮಶ್ರೀ ಪಡೆದರು. ಕೈಯ ಗುರಿ ಅದೇ ಇತ್ತು, ಎದುರಿಗಿದ್ದ ಗುರಿ ಬದಲಾಯಿತು.

ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ, 122 ಸೆಂ.ಮೀ. ಅಗಲದ ಗುರಿಗೆ ಹೊಡೆಯಬೇಕು. ಮಧ್ಯದ 10 ಅಂಕದ ವೃತ್ತ 12.2 ಸೆಂ.ಮೀ. ಮಾತ್ರ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಬಿದಿರು, ಮರದ ಬಿಲ್ಲಿಗೇ ಅಂತ ‘ಇಂಡಿಯನ್ ರೌಂಡ್’ ವಿಭಾಗ ಇದೆ. ಲಕ್ಷಗಟ್ಟಲೆ ಬೆಲೆಯ ಬಿಲ್ಲು ಇಲ್ಲದ ಹಳ್ಳಿ ಮಕ್ಕಳಿಗೆ ಇದೇ ಮೊದಲ ಮೆಟ್ಟಿಲು. ಶಾಲಾ ಕ್ರೀಡಾಕೂಟದಲ್ಲೂ ಬಿಲ್ಲುಗಾರಿಕೆ ಇರೋದರಿಂದ ಆಸಕ್ತಿ ಇರುವ ಮಕ್ಕಳು ಮೊದಲು ತಮ್ಮ ದೈಹಿಕ ಶಿಕ್ಷಕರನ್ನು ಕೇಳಬೇಕು. ಶಿವಮೊಗ್ಗದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಚೇರಿಯಲ್ಲೂ ವಿಚಾರಿಸಬಹುದು.

ಗುಡವಿಗೆ ಹೋಗೋರು ಬೈನಾಕ್ಯುಲರ್ ತಗೊಂಡು ಹೋಗಿ, ಕ್ಯಾಮೆರಾ ತಗೊಂಡು ಹೋಗಿ. ಬಿಲ್ಲು ಮನೆಯಲ್ಲಿರಲಿ. ಸಂಜೆ ವಾಪಸ್ ಬಂದು ಹುಲ್ಲು ಪಿಂಡಿಗೆ ಹೊಡೆಯೋಕೆ ಯಾರ ಅಡ್ಡಿಯೂ ಇಲ್ಲ.