ಕಪ್ಪೆಯ ಮೊಟ್ಟೆಯಲ್ಲಿ ಕೋಶಗಳ ಹಣೆಬರಹ

ಮುಂಗಾರು ಮಳೆ ಸುರಿದು ಶಿರೂರಿನ ಗದ್ದೆಗಳಲ್ಲಿ ನೀರು ನಿಂತೊಡನೆ ಕಪ್ಪೆಗಳ ಕೂಗು ಕೇಳತೊಡಗುತ್ತದೆ. ಬೆಳಗ್ಗೆ ಗದ್ದೆಯ ಅಂಚಿನಲ್ಲಿ ನಿಂತು ನೋಡಿದರೆ ಲೋಳೆಯಲ್ಲಿ ಹುದುಗಿದ, ಸಾಸಿವೆಯಂತಹ ಮೊಟ್ಟೆಗಳು ಕಾಣುತ್ತವೆ. ಕೆಲವೇ ದಿನಗಳಲ್ಲಿ ಅವು ಗೊದಮೊಟ್ಟೆಗಳಾಗಿ ಬಾಲವಾಡಿಸುತ್ತವೆ. ಒಂದೇ ಕೋಶದಿಂದ ಹುಟ್ಟಿದ ಸಾವಿರಾರು ಕೋಶಗಳಲ್ಲಿ ಇದು ಚರ್ಮವಾಗಲಿ, ಅದು ಸ್ನಾಯುವಾಗಲಿ, ಮತ್ತೊಂದು ಕರುಳಾಗಲಿ ಎಂದು ವಿಧಿಸುವವರು ಯಾರು?

ಕೋಶ ಒಡೆದಂತೆಲ್ಲ ಜೀನುಗಳು ಹಂಚಿಹೋಗಿ, ಕರುಳಿನ ಕೋಶದಲ್ಲಿ ಕರುಳಿನ ಜೀನುಗಳಷ್ಟೇ ಉಳಿಯುತ್ತವೆಯೇ? ಉತ್ತರ ಕೊಟ್ಟದ್ದೂ ಒಂದು ಕಪ್ಪೆಯೇ, ಆಫ್ರಿಕದ ಜೆನೊಪಸ್. ಇಂಗ್ಲೆಂಡಿನ ಜಾನ್ ಗರ್ಡನ್ ಅವರು ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತೆಗೆದು, ಸ್ವಂತ ಕೇಂದ್ರವನ್ನು ನಾಶಪಡಿಸಿದ್ದ ಮೊಟ್ಟೆಯೊಳಗೆ ಇರಿಸಿದರು. ಅಂತಹ ಕೆಲವು ಮೊಟ್ಟೆಗಳು ಈಜುವ ಗೊದಮೊಟ್ಟೆಗಳೇ ಆದವೆಂದು 1962ರಲ್ಲಿ ಪ್ರಕಟಿಸಿದರು. ಕರುಳಿನ ಕೋಶದಲ್ಲಿಯೂ ಇಡೀ ಕಪ್ಪೆಯ ಜೀನುಗಳಿದ್ದವು!

ಯಕ್ಷಗಾನದ ಕಲಾವಿದರೆಲ್ಲರಿಗೂ ಇಡೀ ಪ್ರಸಂಗ ತಿಳಿದಿರಬಹುದು. ಯಾರು ಯಾವಾಗ ರಂಗಕ್ಕೆ ಬರಬೇಕೆಂಬುದು ಭಾಗವತರ ಕೈಯಲ್ಲಿದೆ. ಜೀನುಗಳಿಗೂ ಅಂತಹ ಭಾಗವತರಿದ್ದಾರೆ. ಅವು ಡಿಎನ್‌ಎಗೆ ಅಂಟಿಕೊಂಡು ಕೆಲವು ಜೀನುಗಳನ್ನು ಎಚ್ಚರಿಸುವ, ಕೆಲವನ್ನು ಸುಮ್ಮನಿರಿಸುವ ಪ್ರೋಟೀನುಗಳು.

ಜೆನೊಪಸ್ ಮೊಟ್ಟೆಯ ಮೇಲರ್ಧ ಕಪ್ಪು, ಕೆಳಗರ್ಧ ಬಿಳುಪು. ತಾಯಿಯು ಕೆಳಭಾಗದಲ್ಲಿ ವೆಜ್-ಟಿ ಎಂಬ ನಿಯಂತ್ರಕದ ಸಂದೇಶವನ್ನು ಆರ್‌ಎನ್‌ಎ ರೂಪದಲ್ಲಿ ಇರಿಸಿರುತ್ತಾಳೆ. ಮೊಟ್ಟೆ ಹನ್ನೆರಡು ಬಾರಿ ಒಡೆದು ಸುಮಾರು 4,000 ಕೋಶಗಳಾಗುವವರೆಗೆ ಭ್ರೂಣದ ಸ್ವಂತ ಜೀನುಗಳು ಬಹುತೇಕ ನಿದ್ರಿಸುತ್ತವೆ. ಅವು ಎಚ್ಚರಗೊಂಡಾಗ, ಕೆಳಗಿನ ಕೋಶಗಳಲ್ಲಿ ವೆಜ್-ಟಿ ಕರುಳಿಗೆ ಬೇಕಾದ ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಆ ಕೋಶಗಳು ಸೂಸುವ ನೋಡಲ್ ಎಂಬ ಸಂಕೇತ ನೆರೆಯ ಕೋಶಗಳನ್ನು ಸ್ನಾಯುವಿನ ದಾರಿಗೆ ಹಚ್ಚುತ್ತದೆ. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಾಯಿಯಿತ್ತ ಈ ಸಂದೇಶವನ್ನು ನಾಶಪಡಿಸಿದಾಗ ಕರುಳಿನ ಪದರವೇ ರೂಪುಗೊಳ್ಳಲಿಲ್ಲ. ಕೆಳಗಿನ ಕೋಶಗಳು ಬೇರೆ ಪದರಗಳ ದಾರಿ ಹಿಡಿದವು.

ಹಾಗಾದರೆ ಹಣೆಬರಹ ಮೊದಲೇ ಬರೆದುಹೋಗಿತ್ತೇ? ಪೂರ್ತಿಯಾಗಿ ಅಲ್ಲ. ಜೀನುಗಳು ಆಗತಾನೇ ಎಚ್ಚರಗೊಂಡ ಹಂತದಲ್ಲಿ ಕೆಳಭಾಗದ ಒಂದು ಕೋಶವನ್ನು ಕಿತ್ತು ಬೇರೊಂದು ಭ್ರೂಣದೊಳಗೆ ಇರಿಸಿದರೆ, ಅದರ ಸಂತತಿ ಚರ್ಮ, ಸ್ನಾಯು, ಕರುಳು ಯಾವ ಪದರವನ್ನಾದರೂ ಸೇರಬಲ್ಲದೆಂದು 1984ರಲ್ಲಿ ಕಂಡುಬಂದಿತ್ತು. ಕೆಲವು ಗಂಟೆ ತಡೆದು ಕಿತ್ತರೆ ಅದು ಕರುಳಿಗಷ್ಟೇ ಸೇರುತ್ತದೆ.

ಗಟ್ಟಿಯಾದ ಬರಹವನ್ನೂ ಅಳಿಸಬಹುದು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರು ನಾಲ್ಕೇ ನಿಯಂತ್ರಕಗಳಿಂದ ಇಲಿಯ ಬೆಳೆದ ಕೋಶಗಳನ್ನು ಭ್ರೂಣಕೋಶದಂತಹ ಸ್ಥಿತಿಗೆ ಮರಳಿಸಿದರು. 2012ರ ನೊಬೆಲ್ ಪಾರಿತೋಷಕ ಅವರಿಗೂ ಗರ್ಡನ್ ಅವರಿಗೂ ಒಟ್ಟಿಗೆ ಸಂದಿತು.

ಮುಂದಿನ ಮಳೆಗಾಲದಲ್ಲಿ ಗದ್ದೆಯಂಚಿನ ಆ ಮೊಟ್ಟೆಗಳನ್ನು ಕದಡದೆ, ಬಾಗಿ ನೋಡಿರಿ. ಹಣೆಬರಹ ಬರೆಯುವ ಕೆಲಸ ಅಲ್ಲಿ ನಡೆದಿರುತ್ತದೆ.