ಊರಲ್ಲಿ ಬಿಸಿಲು, ಭೂಕೇಂದ್ರದಲ್ಲಿ ಮಳೆ: ಉಪಗ್ರಹ ಅಂತರ್ಜಾಲದ ಆಂಟೆನಾ ಲೆಕ್ಕ

ಸುಲೇಪೇಟ: ಇಲ್ಲಿ ಆಕಾಶ ಶುಭ್ರವಾಗಿದ್ದರೂ ಉಪಗ್ರಹ ಅಂತರ್ಜಾಲ ಕಡಿದು ಹೋಗಬಹುದೇ? ಹೋಗಬಹುದು. ನೂರಾರು ಕಿ.ಮೀ. ದೂರದಲ್ಲಿರುವ ಇನ್ನೊಂದು ಆಂಟೆನಾದ ಮೇಲೆ ಸುರಿಯುವ ಮಳೆಯೇ ಅದಕ್ಕೆ ಸಾಕು.

ಚಿಂಚೋಳಿ ತಾಲ್ಲೂಕಿನ ಈ ಗ್ರಾಮದ ಮಾಳಿಗೆಯೊಂದರ ಮೇಲೆ ಅಳವಡಿಸುವ ಪುಟ್ಟ ತಟ್ಟೆಯು ಇಡೀ ವ್ಯವಸ್ಥೆಯ ಒಂದು ತುದಿ ಮಾತ್ರ. ಉಪಗ್ರಹವನ್ನು ಅಂತರ್ಜಾಲದ ಕೇಬಲ್ ಜಾಲಕ್ಕೆ ಜೋಡಿಸುವ ಭೂಕೇಂದ್ರ ಇನ್ನೊಂದು ತುದಿ. 2018ರ ಡಿಸೆಂಬರ್ 5ರಂದು ಉಡಾವಣೆಗೊಂಡ ಇಸ್ರೋದ ಜಿಸ್ಯಾಟ್-11 ಇದಕ್ಕೆ ಉತ್ತಮ ನಿದರ್ಶನ. ಅದು ಬಳಕೆದಾರರಿಗೆ ಕೆಯು ಬ್ಯಾಂಡ್‌ನ 32 ಕಿರಣಪುಂಜಗಳನ್ನೂ ಭೂಕೇಂದ್ರಗಳಿಗೆ ಕೆಎ ಬ್ಯಾಂಡ್‌ನ 8 ಪುಂಜಗಳನ್ನೂ ಹೊಂದಿದೆ. ಅಂದರೆ ಒಂದು ಭೂಕೇಂದ್ರದ ಹಿಂದೆ ಅನೇಕ ಊರುಗಳಿವೆ.

74 ಡಿಗ್ರಿ ಪೂರ್ವ ರೇಖಾಂಶದ ಈ ಉಪಗ್ರಹ ಸುಲೇಪೇಟದಿಂದ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿ, ಸುಮಾರು 69 ಡಿಗ್ರಿ ಎತ್ತರದಲ್ಲಿರುತ್ತದೆ. ತಟ್ಟೆ ಬಹುತೇಕ ನೆತ್ತಿಯತ್ತ ನೋಡುವುದರಿಂದ ಸಂಕೇತವು ಮಳೆಮೋಡದಲ್ಲಿ ಕ್ರಮಿಸುವ ದಾರಿ ಕಿರಿದಾಗುತ್ತದೆ. ಇದು ಇಲ್ಲಿನ ಗ್ರಾಹಕರಿಗೆ ಅನುಕೂಲ.

ಭೂಕೇಂದ್ರದ ಆಂಟೆನಾ ವಿನ್ಯಾಸ ಇಷ್ಟು ಸರಳವಲ್ಲ. ಕೆಯು ಬ್ಯಾಂಡ್ ತರಂಗದ ಉದ್ದ ಸುಮಾರು 2.5 ಸೆಂ.ಮೀ.; ಕೆಎ ಬ್ಯಾಂಡ್‌ನಲ್ಲಿ ಮೇಲಕ್ಕೆ ಕಳುಹಿಸುವ ತರಂಗದ್ದು ಸುಮಾರು 1 ಸೆಂ.ಮೀ. ತಟ್ಟೆಯ ಮೈಯಲ್ಲಿ ಸರಾಸರಿ 1 ಮಿ.ಮೀ. ಏರುಪೇರಿದ್ದರೆ ಮೊದಲನೆಯದರಲ್ಲಿ ಐದನೇ ಒಂದು ಭಾಗದಷ್ಟು ಶಕ್ತಿ ನಷ್ಟವಾಗುತ್ತದೆ. ಎರಡನೆಯದರಲ್ಲಿ ಐದನೇ ನಾಲ್ಕು ಭಾಗ. ತಟ್ಟೆ ದೊಡ್ಡದಾದಷ್ಟೂ ಕಿರಣ ಸಪೂರವಾಗುತ್ತದೆ. ಗಾಳಿಗೆ ಕೊಂಚ ಅಲುಗಿದರೂ ಗುರಿ ತಪ್ಪುತ್ತದೆ. ಹೀಗಾಗಿ ಭದ್ರ ಪೀಠ, ಉಪಗ್ರಹದ ಸಣ್ಣ ಚಲನೆಯನ್ನೂ ಹಿಂಬಾಲಿಸುವ ಮೋಟಾರುಗಳು ಅನಿವಾರ್ಯ.

ಮಳೆಹನಿಗಳು ಕೆಎ ಬ್ಯಾಂಡ್ ತರಂಗಗಳನ್ನು ಹೆಚ್ಚು ಹೀರುತ್ತವೆ. ಬಿರುಮಳೆಯಲ್ಲಿ ಪ್ರಸಾರ ಶಕ್ತಿಯನ್ನು ಹೆಚ್ಚಿಸುವುದಕ್ಕೂ ಮಿತಿಯಿದೆ. ಆದರೆ ಬಿರುಮಳೆಯ ಮೋಡ ಸಾಮಾನ್ಯವಾಗಿ ಕೆಲವೇ ಕಿ.ಮೀ. ಅಗಲದ್ದು. ಆದ್ದರಿಂದ ಹತ್ತಾರು ಕಿ.ಮೀ. ಅಂತರದಲ್ಲಿ ಎರಡನೇ ಆಂಟೆನಾ ಸ್ಥಾಪಿಸಿ, ಒಂದರ ಮೇಲೆ ಮಳೆ ಸುರಿದಾಗ ಇನ್ನೊಂದಕ್ಕೆ ಸಂಪರ್ಕ ವರ್ಗಾಯಿಸುವುದೇ ಪರಿಣಾಮಕಾರಿ ಉಪಾಯ. ಇದು ದುಬಾರಿ.

ಈ ವೆಚ್ಚವನ್ನು ಉಳಿಸಿದರೆ ಅದರ ಬೆಲೆ ತೆರುವವರು ಹಳ್ಳಿಗರು. ಪಡಿತರ ಅಂಗಡಿಯ ಬೆರಳಚ್ಚು ಯಂತ್ರ, ಬ್ಯಾಂಕ್ ಶಾಖೆ, ಶಾಲೆಯ ಕಂಪ್ಯೂಟರ್ ಉಪಗ್ರಹವನ್ನೇ ನೆಚ್ಚಿಕೊಂಡಲ್ಲಿ, ದೂರದ ಮಳೆಗೆ ಎಲ್ಲವೂ ಸ್ತಬ್ಧ. ಆದ್ದರಿಂದ ಸೇವೆ ಪಡೆಯುವ ಮುನ್ನ ತಟ್ಟೆಯ ಬೆಲೆಯೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳಿತು: ಭೂಕೇಂದ್ರಕ್ಕೆ ಬದಲಿ ಆಂಟೆನಾ ಇದೆಯೇ?