ಹಳ್ಳದ ನೆರೆ ಹೊಲದಲ್ಲೇ ಹುಟ್ಟುತ್ತದೆ

ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳಿಗೆ ನೆರೆ ಬರುವುದು ಎರಡು ದಾರಿಯಲ್ಲಿ. ಒಂದು ಕೃಷ್ಣೆಯಂಥ ದೊಡ್ಡ ನದಿಯ ದಾರಿ. ಪಶ್ಚಿಮ ಘಟ್ಟದಲ್ಲಿ, ಮಹಾರಾಷ್ಟ್ರದಲ್ಲಿ ಮಳೆ ಜಡಿದರೆ ನಾರಾಯಣಪುರದ ಬಸವಸಾಗರ ಜಲಾಶಯದ ಗೇಟುಗಳನ್ನು ಎತ್ತುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಕೃಷ್ಣೆಯ ನಡುಗಡ್ಡೆಗಳಲ್ಲಿರುವ ಊರು, ದೊಡ್ಡಿಗಳ ಸಂಪರ್ಕ ಕಡಿದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಆದದ್ದು ಇದೇ. ಇಂಥ ನೆರೆ ಬರಲು ನಮ್ಮ ತಲೆಯ ಮೇಲೆ ಮೋಡವೂ ಇರಬೇಕಿಲ್ಲ.

ಇನ್ನೊಂದು ಹಳ್ಳದ ದಾರಿ. ವರ್ಷದ ಬಹುಪಾಲು ಉಸುಕು ಕಾಣಿಸಿಕೊಂಡು ಬಿದ್ದಿರುವ ಮಸ್ಕಿ ಹಳ್ಳದಂಥ ಹಳ್ಳಗಳು ರಾತ್ರಿ ಜೋರು ಮಳೆಯಾದರೆ ಬೆಳಗಾಗುವುದರೊಳಗೆ ದಂಡೆ ಮೀರುತ್ತವೆ. ಈ ನೀರು ದೂರದ ನಾಡಿನಿಂದ ಬಂದದ್ದಲ್ಲ, ನಮ್ಮದೇ ಹೊಲಗಳ ಮೇಲೆ ಬಿದ್ದದ್ದು. ಕೃಷ್ಣೆಯ ನೆರೆಯನ್ನು ಈ ಮೂರು ತಾಲ್ಲೂಕುಗಳ ರೈತರು ತಡೆಯಲಾರರು. ಆದರೆ ಹಳ್ಳದ ನೆರೆ ಎಷ್ಟು ಎತ್ತರಕ್ಕೆ ಏರಬೇಕು, ಎಷ್ಟು ಬೇಗ ಏರಬೇಕು ಎಂಬುದರಲ್ಲಿ ನಾವು ನೆಲವನ್ನು ಹೇಗೆ ಬಳಸುತ್ತೇವೆ ಎಂಬುದರ ಪಾಲು ದೊಡ್ಡದು. ಈ ಮಾತು ನಮ್ಮ ನೆರೆ ಪರಿಹಾರದ ಚರ್ಚೆಗಳಲ್ಲಿ ಕೇಳಿಬರುವುದೇ ಇಲ್ಲ.

ಎರೆ ಮಣ್ಣಿನ ಎರಡು ಮುಖ

ಏಪ್ರಿಲ್ ಬಿಸಿಲಿನಲ್ಲಿ ಇಲ್ಲಿನ ಎರೆ ಹೊಲಕ್ಕೆ ಹೋದರೆ, ಮೊಳಕೈವರೆಗೆ ಕೈ ಇಳಿಯುವಷ್ಟು ಬಿರುಕುಗಳು ಕಾಣುತ್ತವೆ. ಮೊದಲ ಮಳೆಯ ನೀರೆಲ್ಲ ಆ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಹಳ್ಳಕ್ಕೆ ಹನಿಯೂ ಬರುವುದಿಲ್ಲ. ಈ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಪದರಗಳ ನಡುವೆ ನೀರು ಸೇರಿದಂತೆ ಮಣ್ಣು ಉಬ್ಬುತ್ತದೆ, ಬಿರುಕುಗಳು ಬೆಸೆದುಕೊಳ್ಳುತ್ತವೆ. ಪೂರ್ತಿ ನೆನೆದ ಮೇಲೆ ಇದೇ ಮಣ್ಣು ಗಂಟೆಗೆ ಒಂದೆರಡು ಮಿಲಿಮೀಟರ್ ನೀರನ್ನೂ ಕುಡಿಯುವುದಿಲ್ಲ. ಮೇ ತಿಂಗಳಲ್ಲಿ ನೀರು ನುಂಗಿದ ಹೊಲ ಸೆಪ್ಟೆಂಬರ್‌ನಲ್ಲಿ ಬಿದ್ದ ನೀರನ್ನೆಲ್ಲ ಇಳಿಜಾರಿಗೆ ದೂಡುತ್ತದೆ.

ರಾಯಚೂರು ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ತಿಂಗಳುಗಳಲ್ಲಿ ಅತಿ ಹೆಚ್ಚು ಸುರಿಯುವುದು ಸೆಪ್ಟೆಂಬರ್‌ನಲ್ಲೇ. ಹಿಂಗಾರಿ ಜೋಳಕ್ಕೆ, ಕಡಲೆಗೆ ಎಂದು ಕುಂಟೆ ಹೊಡೆದು ಹದ ಮಾಡಿಟ್ಟ ಎರೆ ಹೊಲಗಳು ಬರಿದಾಗಿರುವುದೂ ಆಗಲೇ. ಬೆಳೆಯ ಎಲೆಯ ಮರೆ ಇಲ್ಲದ ಮಣ್ಣಿಗೆ ಮಳೆಹನಿ ನೇರ ಬಡಿಯುತ್ತದೆ. ಹೆಂಟೆ ಒಡೆದು ನುಣುಪಾದ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಇಂಗಬೇಕಾದ ನೀರು ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಓಡುತ್ತದೆ.

ಒಂದು ಲೆಕ್ಕ

ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆ ಎಂದು ಅಂದಾಜಿಸಲು ಎಂಜಿನಿಯರುಗಳು ‘ಕರ್ವ್ ನಂಬರ್’ ಎಂಬ ವಿಧಾನ ಬಳಸುತ್ತಾರೆ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ್ದು ಇದು. ನೀರು ಕಷ್ಟದಿಂದ ಇಂಗುವ ಜೇಡಿ ಮಣ್ಣಿಗೆ ಅದರ ಪಟ್ಟಿಯಲ್ಲಿರುವ ಅಂಕಿಗಳನ್ನು ಹಾಕಿ, ಒಂದೇ ದಿನ 100 ಮಿ.ಮೀ. ಮಳೆ ಬಂತೆಂದು ಲೆಕ್ಕ ಮಾಡಿದರೆ ಸಿಗುವ ಉತ್ತರ ಹೀಗಿದೆ: ಕಾಂಕ್ರೀಟ್ ಅಂಗಳದಿಂದ 94 ಮಿ.ಮೀ. ಹರಿದುಹೋಗುತ್ತದೆ. ಬೆಳೆಯಿಲ್ಲದ ಬರಿ ಹೊಲದಿಂದ 83. ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಬದು ಹಾಕಿದ ಹೊಲದಿಂದ 53. ದಟ್ಟ ಮರಗಿಡಗಳ ನೆಲದಿಂದ 45.

ಬರಿ ಹೊಲಕ್ಕೂ ಬದುವಿರುವ ಹೊಲಕ್ಕೂ ನಡುವಿನ 30 ಮಿ.ಮೀ. ಕೇಳಲು ಸಣ್ಣ ಸಂಖ್ಯೆ. ಆದರೆ ಒಂದು ಹೆಕ್ಟೇರಿನಲ್ಲಿ ಅದು 3 ಲಕ್ಷ ಲೀಟರ್. ಮೂರು ತಾಲ್ಲೂಕುಗಳಲ್ಲಿ ಸೇರಿ 1 ಲಕ್ಷ ಹೆಕ್ಟೇರಿನಲ್ಲಿ ಇಷ್ಟು ನೀರು ನಿಂತರೆ ಒಂದು ಟಿಎಂಸಿಗಿಂತ ತುಸು ಹೆಚ್ಚೇ ಆಗುತ್ತದೆ. ಅಣೆಕಟ್ಟೆ ಕಟ್ಟದೆ, ಯಾವ ಊರನ್ನೂ ಮುಳುಗಿಸದೆ ಸಿಗುವ ಸಂಗ್ರಹ ಇದು. ಉಳಿದ 53 ಮಿ.ಮೀ. ಕೂಡ ಒಮ್ಮೆಲೇ ಹಳ್ಳಕ್ಕೆ ನುಗ್ಗದೆ ತಡವಾಗಿ, ನಿಧಾನವಾಗಿ ಬರುತ್ತದೆ. ಮೂರು ತಾಸಿನಲ್ಲಿ ಬರುವ ನೀರು ಹನ್ನೆರಡು ತಾಸಿನಲ್ಲಿ ಬಂದರೆ ಸೇತುವೆಯ ಮೇಲೆ ಹರಿಯದೆ ಕೆಳಗೇ ಹೋಗಬಹುದು.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ 1976ರಿಂದ ಎರೆ ಮಣ್ಣಿನಲ್ಲಿ ನಡೆಸಿದ ದೀರ್ಘಾವಧಿ ಪ್ರಯೋಗವೂ ಇದನ್ನೇ ತೋರಿಸಿದೆ. ಮಳೆಗಾಲದಲ್ಲಿ ಬರಿದು ಬಿಡುವ ಹಳೆಯ ಪದ್ಧತಿಯ ಹೊಲದಿಂದ ವರ್ಷಕ್ಕೆ ಹೆಕ್ಟೇರಿಗೆ 6 ಟನ್ನಿಗೂ ಹೆಚ್ಚು ಮಣ್ಣು ಕೊಚ್ಚಿಹೋಯಿತು. ಅಗಲ ಮಡಿ ಮತ್ತು ಸಾಲು ತೆಗೆದು, ಮಳೆಗಾಲದಲ್ಲೂ ಬೆಳೆ ಇಟ್ಟ ಹೊಲದಿಂದ ಹೋದದ್ದು 2 ಟನ್ನಿಗೂ ಕಡಿಮೆ.

ಯಾವ ಬದು, ಎಲ್ಲಿ?

ಒಡ್ಡು ಹಾಕಿಬಿಟ್ಟರೆ ಸಾಕು ಎನ್ನುವಂತಿಲ್ಲ. ಮಸಾರಿ ನೆಲದಲ್ಲಿ ಒಂದೇ ಮಟ್ಟದಲ್ಲಿ ಹಾಕಿದ ಸಮಪಾತಳಿ ಬದು ನೀರು ನಿಲ್ಲಿಸಿ ಇಂಗಿಸುತ್ತದೆ. ಆಳವಾದ ಎರೆ ನೆಲದಲ್ಲಿ ಅದೇ ಬದುವಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಬದು ಮಳೆಗೆ ಒಡೆಯುತ್ತದೆ. ಅದಕ್ಕೆ ಎರೆ ಹೊಲಕ್ಕೆ ಸ್ವಲ್ಪ ಇಳುಕಲು ಕೊಟ್ಟ ಬದು, ಅದರ ತುದಿಗೆ ಕಲ್ಲಿನ ಕೋಡಿ, ಅಲ್ಲಿಂದ ಮುಂದೆ ಹುಲ್ಲು ಬೆಳೆಸಿದ ನೀರುದಾರಿ ಬೇಕು.

ಹಿಂಗಾರಿ ಹೊಲಕ್ಕೆ ಇನ್ನೂ ಅಗ್ಗದ ಉಪಾಯ ಚೌಕು ಮಡಿ. ಜೂನ್, ಜುಲೈನಲ್ಲೇ ಹೊಲವನ್ನು ಮೂರರಿಂದ ನಾಲ್ಕೂವರೆ ಮೀಟರ್ ಚೌಕಗಳಾಗಿ ವಿಂಗಡಿಸಿ, ಸುತ್ತ ಗೇಣಿನೆತ್ತರದ ಏರಿ ಎಬ್ಬಿಸುತ್ತಾರೆ. ಬಿದ್ದ ಮಳೆ ಬಿದ್ದಲ್ಲೇ ನಿಂತು ಇಂಗುತ್ತದೆ, ಬಿತ್ತುವ ಹೊತ್ತಿಗೆ ಮಣ್ಣಿನ ಆಳದವರೆಗೆ ತೇವ ಸಿಗುತ್ತದೆ. ಮುಂಗಾರಿಗೆ ಹೆಸರು ಬಿತ್ತಿ ಆಮೇಲೆ ಜೋಳಕ್ಕೆ ಹೋದರೆ ಮಣ್ಣಿಗೆ ಹೊದಿಕೆಯೂ ಆಯಿತು, ಕೈಗೆ ನಾಲ್ಕು ಕಾಸೂ ಬಂತು. ರೈತ ಇದನ್ನು ಮಾಡುವುದು ತನ್ನ ಜೋಳದ ಇಳುವರಿಗಾಗಿ. ಅದರ ಫಲ ಕೆಳಗಿನ ಊರಿಗೂ ಸಿಗುತ್ತದೆ.

ಸಿಂಧನೂರಿನ ಗದ್ದೆಗಳು

ತುಂಗಭದ್ರಾ ಎಡದಂಡೆ ನಾಲೆಯನ್ನು ಯೋಜಿಸಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಸಿಂಧನೂರು ಭಾಗದಲ್ಲಿ ಅದು ಭತ್ತದ ನಾಡನ್ನೇ ಕಟ್ಟಿತು. ನೆರೆಯ ದೃಷ್ಟಿಯಿಂದ ಗದ್ದೆ ವಿಚಿತ್ರ ನೆಲ. ಸುತ್ತ ಬದು ಇರುವುದರಿಂದ ಅದು ನೀರು ಹಿಡಿಯಬಲ್ಲದು. ಆದರೆ ನಾಲೆ ನೀರಿನಿಂದ ಮೊದಲೇ ತುಂಬಿದ್ದರೆ ಮಳೆಗೆ ಜಾಗ ಇರುವುದಿಲ್ಲ. ಸದಾ ನೀರುಂಡ ನೆಲ ಸವಳು ಜವಳಾಗಿ ಇಂಗಿಸುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಜೋರು ಮಳೆಗೆ ಎಲ್ಲರೂ ಒಟ್ಟಿಗೇ ಬದು ಕಡಿದರೆ ಅಷ್ಟೂ ನೀರು ಒಂದೇ ಹೊತ್ತಿಗೆ ಹಳ್ಳಕ್ಕೆ ಬೀಳುತ್ತದೆ.

ಜಪಾನಿನ ನೀಗಾತಾ ಪ್ರಾಂತ್ಯದ ರೈತರು 2002ರಿಂದ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಗದ್ದೆಯ ನೀರು ಹೊರಹೋಗುವ ಬಾಯಿಗೆ ಸಣ್ಣ ತೂತಿನ ಹಲಗೆ ಇಡುತ್ತಾರೆ. ಮಳೆನೀರು ಗದ್ದೆಯಲ್ಲೇ ಏರಿ, ನಿಧಾನವಾಗಿ ಸೋರಿಹೋಗುತ್ತದೆ. ‘ತಂಬೋ ಡ್ಯಾಮ್’ ಎಂದು ಅದಕ್ಕೆ ಹೆಸರು. ಹೆಕ್ಟೇರಿನ ಗದ್ದೆಯಲ್ಲಿ 10 ಸೆಂ.ಮೀ. ನೀರು ಒಂದು ದಿನ ನಿಂತರೆ 10 ಲಕ್ಷ ಲೀಟರ್ ತಡೆದಂತೆ. ಎದ್ದು ನಿಂತ ಪೈರಿಗೆ ಅದರಿಂದ ಹಾನಿಯಿಲ್ಲ. ಮಳೆಯ ಮುನ್ಸೂಚನೆ ಇದ್ದಾಗ ನಾಲೆ ನೀರು ತಗ್ಗಿಸಿ, ಗದ್ದೆಯಲ್ಲಿ ಜಾಗ ಬಿಟ್ಟುಕೊಂಡರೆ ಇದು ಸಿಂಧನೂರಿನಲ್ಲೂ ಸಾಧ್ಯ.

ಹಳ್ಳಕ್ಕೆ ಹಳ್ಳದ ಜಾಗ

ಹಳ್ಳದ ಇಕ್ಕೆಲದ ತಗ್ಗು ನೆಲ ನೆರೆ ಬಂದಾಗ ನೀರು ಹರಡಿಕೊಳ್ಳುವ ಜಾಗ. ಅದನ್ನು ಒತ್ತಿ ಉತ್ತರೆ, ಸೈಟು ಮಾಡಿದರೆ ನೀರು ಇಕ್ಕಟ್ಟಿನಲ್ಲಿ ಎತ್ತರಕ್ಕೇರುತ್ತದೆ. ನಡುಹಳ್ಳದಲ್ಲಿ ಬೆಳೆದ ಬಳ್ಳಾರಿ ಜಾಲಿ ಕಸ, ಹೂಳನ್ನು ಹಿಡಿದು ಹರಿವಿನ ದಾರಿಯನ್ನೇ ಕಟ್ಟುತ್ತದೆ. ಅದನ್ನು ಪಾತ್ರದಿಂದ ಕೀಳಬೇಕು. ದಂಡೆಯಲ್ಲಿ ಹುಲ್ಲು, ಈಚಲು, ಹೊಂಗೆ ಬೆಳೆಸಿ ಮಣ್ಣು ಹಿಡಿಯಬೇಕು.

ಹೊಲದಿಂದ ಹೋದ ಮಣ್ಣು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಅದರ ಸಾಮರ್ಥ್ಯ ಹೂಳಿನಿಂದ ಈಗ 106 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಮೇಲಿನ ನಾಡಿನಲ್ಲಿ ನೆಲ ಬಳಸಿದ ರೀತಿಗೆ ಸಿಂಧನೂರಿನ ಕೊನೆಭಾಗದ ರೈತ ನೀರಿನಲ್ಲಿ ಬೆಲೆ ತೆರುತ್ತಿದ್ದಾನೆ.

ಈ ಉಪಾಯಗಳಿಗೆ ಮಿತಿಯೂ ಇದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ದಿನಗಟ್ಟಲೆ ಸುರಿದು 200ಕ್ಕೂ ಹೆಚ್ಚು ಜನರ ಜೀವ ತೆಗೆದಂಥ ಮಳೆಗೆ ಬದು ತುಂಬುತ್ತದೆ, ಮಣ್ಣು ತುಂಬುತ್ತದೆ. ಆಮೇಲೆ ಕಾಡೂ ಬಯಲೂ ಒಂದೇ. ಅಂಥ ದಿನಕ್ಕೆ ಮುನ್ನೆಚ್ಚರಿಕೆ, ಎತ್ತರದ ಸೇತುವೆ, ಸುರಕ್ಷಿತ ನೆಲೆಯೇ ಬೇಕು. ಆದರೆ ವರ್ಷ ಬಿಟ್ಟು ವರ್ಷ ಹೊಲ ಕೊರೆದು, ದಾರಿ ಕಡಿದು, ಜನ ಜಾನುವಾರು ಕೊಚ್ಚಿಕೊಂಡು ಹೋಗುವ ಹಳ್ಳದ ನೆರೆಗಳನ್ನು ಹೊಲದಲ್ಲೇ ತಗ್ಗಿಸಬಹುದು.

ಆದ್ದರಿಂದ ನೆರೆ ಕಾಮಗಾರಿಯನ್ನು ಸೇತುವೆಯಿಂದ ಶುರುಮಾಡದೆ ಹಳ್ಳ ಹುಟ್ಟುವ ದಿಬ್ಬದಿಂದ ಶುರುಮಾಡಬೇಕು. ಮೇಲಿನ ಊರಿನ ಬದು ಕೆಳಗಿನ ಊರಿನ ರಕ್ಷಣೆ. ಹಾಗಾಗಿ ಅದರ ಖರ್ಚು ಆ ಒಬ್ಬ ರೈತನದಾಗಬಾರದು, ಮೂರೂ ತಾಲ್ಲೂಕುಗಳು ಹಂಚಿಕೊಳ್ಳಬೇಕಾದ ಸಾರ್ವಜನಿಕ ಖರ್ಚಾಗಬೇಕು.